ಅಂಗನವಾಡಿ, ಎಲ್‌ಕೆಜಿ ಮಕ್ಕಳ ಮನೆಯವರಿಗೆ ಏನು ಕಳಿಸೋಣ? ವಾಟ್ಸಾಪ್, ಕಥೆ ಪುಸ್ತಕ, ಯೂಟ್ಯೂಬ್, ಆ್ಯಪ್: ಮಲೆನಾಡಿಗೆ ಹೊಂದುವುದು ಯಾವುದು

ಅಂಗನವಾಡಿ ಟೀಚರ್ ಇರಲಿ, ಎಲ್‌ಕೆಜಿ ಮಿಸ್ ಇರಲಿ, ಜೂನ್ ಬಂತು ಅಂದ್ರೆ ಒಂದು ಪ್ರಶ್ನೆ ಎದುರಾಗುತ್ತದೆ: ಮನೆಯವರನ್ನು ಮಗುವಿನ ಕಲಿಕೆಗೆ ಸೇರಿಸಿಕೊಳ್ಳೋದು ಹೇಗೆ? ಮಗು ನಮ್ಮ ಹತ್ತಿರ ಇರೋದು ದಿನದಲ್ಲಿ ಕೆಲವೇ ಗಂಟೆ. ಉಳಿದ ಹೊತ್ತೆಲ್ಲ ಮನೆಯಲ್ಲೇ. ಮಿದುಳಿನ ಬೆಳವಣಿಗೆಯಲ್ಲಿ ಶೇ 85ಕ್ಕಿಂತ ಜಾಸ್ತಿ ಭಾಗ ಆರು ವರ್ಷದೊಳಗೇ ಆಗಿಬಿಡುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಬರೆದಿದೆ. ಹಾಗಾದರೆ ಜಗಲಿಯಲ್ಲಿ ಅಜ್ಜಿ ಆಡುವ ಮಾತು, ತೋಟಕ್ಕೆ ಹೋಗುವ ದಾರಿಯಲ್ಲಿ ಅಪ್ಪ ಕೊಡುವ ಉತ್ತರ ನಮ್ಮ ಪಾಠದಷ್ಟೇ ಮುಖ್ಯ, ಅಲ್ವಾ?

ಮನೆಯವರನ್ನು ಸೇರಿಸಿಕೊಳ್ಳೋದು ಹೊಸ ವಿಚಾರವೇನಲ್ಲ. 1975ರಲ್ಲಿ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾದಾಗಲೇ ಮಕ್ಕಳ ಶಾಲಾಪೂರ್ವ ಶಿಕ್ಷಣದ ಜೊತೆಗೆ ತಾಯಂದಿರಿಗೆ ಆರೋಗ್ಯ, ಆಹಾರದ ತಿಳಿವಳಿಕೆ ಕೊಡೋದೂ ಅದರ ಕೆಲಸವಾಗಿತ್ತು. ಈಗ ಹೊಸದಾಗಿ ಸೇರಿಕೊಂಡಿರೋದು ಫೋನು. ಕಳಿಸೋಕೆ ಬೇಕಾದಷ್ಟು ಸಾಮಗ್ರಿ ಇದೆ, ಬಹುಪಾಲು ಪುಕ್ಕಟೆ. ಇಷ್ಟೊಂದರಲ್ಲಿ ಯಾವುದನ್ನು ಹಿಡಿಯೋದು, ಯಾವುದನ್ನು ಬಿಡೋದು ಅನ್ನೋದೇ ಕಷ್ಟ. ನಾನು ತೀರ್ಥಹಳ್ಳಿ ಕಡೆಯ ಒಂದು ಶಿಶುವಿಹಾರದಲ್ಲಿ ಪಾಠ ಮಾಡುವವಳು. ನಮ್ಮ ಕಡೆಯ ಮನೆಗಳನ್ನು ಕಣ್ಣ ಮುಂದೆ ಇಟ್ಟುಕೊಂಡೇ ಈ ಹೋಲಿಕೆ ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದ್ದು: ಫೋನ್ ಯಾರ ಕೈಯಲ್ಲಿರುತ್ತದೆ?

ಯಾವ ಸಾಮಗ್ರಿ ಬಂದರೂ ನಾನು ಮೊದಲು ಕೇಳಿಕೊಳ್ಳೋದು ಇದನ್ನೇ. ಇದನ್ನು ಬಳಸುವಾಗ ಫೋನ್ ದೊಡ್ಡವರ ಕೈಯಲ್ಲಿರುತ್ತದೋ, ಮಗುವಿನ ಕೈಗೆ ಹೋಗುತ್ತದೋ? ದೊಡ್ಡವರು ನೋಡಿ, ಕೇಳಿ, ಫೋನ್ ಬದಿಗಿಟ್ಟು ಮಗುವಿನ ಜೊತೆ ಕೂತರೆ ಅದು ಮನೆಯವರನ್ನು ಸೇರಿಸಿಕೊಂಡಂತೆ. ಮಗುವಿನ ಕೈಗೆ ಫೋನ್ ಕೊಟ್ಟು ಅಮ್ಮ ಒಲೆ ಕಡೆ ಹೋದರೆ ಮನೆಯವರು ಅಲ್ಲಿಗೆ ಹೊರಗಾದರು. ಒಳಗಿರುವ ವಿಷಯ ಎಷ್ಟೇ ಚೆನ್ನಾಗಿರಲಿ, ನಮ್ಮ ಉದ್ದೇಶಕ್ಕೆ ಅದು ಉಪಯೋಗವಿಲ್ಲ.

ಇದು ಬರೀ ನನ್ನ ಅನಿಸಿಕೆ ಅಲ್ಲ. 2003ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕುಲ್ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಒಂಬತ್ತು ತಿಂಗಳ ಆಸುಪಾಸಿನ ಕೂಸುಗಳ ಎದುರು ಕೂತು ಚೀನಾದ ಮ್ಯಾಂಡರಿನ್ ಭಾಷೆಯಲ್ಲಿ ಆಟ ಆಡಿಸಿದರು, ಪುಸ್ತಕ ಓದಿದರು. ಆ ಕೂಸುಗಳು ಮ್ಯಾಂಡರಿನ್‌ನ ಧ್ವನಿಗಳನ್ನು ಗುರುತಿಸೋದು ಕಲಿತವು. ಅದನ್ನೇ ವಿಡಿಯೊದಲ್ಲಿ ತೋರಿಸಿದಾಗ, ಆಡಿಯೊದಲ್ಲಿ ಕೇಳಿಸಿದಾಗ ಏನೂ ಕಲಿಯಲಿಲ್ಲ. ಮಗು ನೋಡಿದ ಕಡೆ ನೋಡುವ, ಮಗು ಸದ್ದು ಮಾಡಿದರೆ ತಿರುಗಿ ಮಾತಾಡುವ ಮನುಷ್ಯ ಎದುರಿಗೆ ಬೇಕು. ಮೂರು ವರ್ಷ ದಾಟಿದ ಮೇಲೆ ಮಕ್ಕಳು ವಿಡಿಯೊದಿಂದಲೂ ಸ್ವಲ್ಪ ಕಲಿಯುತ್ತಾರೆ. ಆಗಲೂ ಪಕ್ಕದಲ್ಲಿ ಒಬ್ಬರು ಕೂತು ಮಾತಾಡುತ್ತಿದ್ದರೆ ಕಲಿಯೋದು ಜಾಸ್ತಿ.

ಹೊತ್ತಿನ ಲೆಕ್ಕವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡರಿಂದ ನಾಲ್ಕು ವರ್ಷದವರು ಕೂತು ಪರದೆ ನೋಡೋದು ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಕಡಿಮೆ ಆದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ತಜ್ಞರ ಸಂಘವೂ ಎರಡು ವರ್ಷದೊಳಗೆ ಪರದೆ ಬೇಡ, ಐದರವರೆಗೆ ಒಂದು ಗಂಟೆ ಮೀರಬಾರದು ಎನ್ನುತ್ತದೆ. ಈ ಒಂದು ಗಂಟೆಯಲ್ಲಿ ಟಿವಿಯೂ ಸೇರಿತು. ಸಂಜೆ ಧಾರಾವಾಹಿ ಹೊತ್ತಿಗೆ ಅದು ಖರ್ಚಾಗಿರುತ್ತದೆ. ನಾವು ಕಳಿಸುವ ಲಿಂಕಿಗೆ ಉಳಿಯೋದು ಎಷ್ಟು ಹೇಳಿ?

ಇನ್ನೆರಡು ವಿಷಯ ನಮ್ಮ ಮಲೆನಾಡಿಗೇ ಸೇರಿದ್ದು. ಒಂದು ನೆಟ್‌ವರ್ಕ್. ಕೊರೊನಾ ಕಾಲದಲ್ಲಿ ನಮ್ಮ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದು ಎಲ್ಲರಿಗೂ ಗೊತ್ತು. ಈಗ ಎಷ್ಟೋ ಮನೆಗೆ ಫೈಬರ್ ವೈಫೈ ಬಂದಿದೆ. ಆದರೆ ಆಗುಂಬೆ, ಹೊಸನಗರ ಕಡೆ ಮಳೆ ಹಿಡಿದರೆ ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಇನ್ವರ್ಟರ್ ಇಲ್ಲದ ಮನೆಯಲ್ಲಿ ಕರೆಂಟ್ ಹೋದ ಕೂಡಲೇ ರೂಟರೂ ಹೋಯಿತು. ಇನ್ನೊಂದು ಕೆಲಸದ ಕಾಲ. ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾದರೆ ರಾತ್ರಿ ಹನ್ನೊಂದರವರೆಗೂ ಮನೆಮಂದಿಯೆಲ್ಲ ಅಡಿಕೆ ಸುಲಿಯುತ್ತಿರುತ್ತಾರೆ. ಆ ಹೊತ್ತಲ್ಲಿ “ಮಗುವಿನ ಜೊತೆ ಅರ್ಧ ಗಂಟೆ ಈ ಚಟುವಟಿಕೆ ಮಾಡಿ” ಎಂದು ಕಳಿಸಿದರೆ ಯಾರಿಗೆ ಪುರುಸೊತ್ತು?

ಹಾಗಾಗಿ ಪ್ರತಿಯೊಂದನ್ನೂ ಮೂರು ಕಡೆಯಿಂದ ನೋಡುತ್ತೇನೆ: ಫೋನ್ ಯಾರ ಕೈಯಲ್ಲಿ, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದಾ, ಮನೆಯ ಕೆಲಸದ ನಡುವೆ ಹಿಡಿಸುತ್ತದಾ.

ವಾಟ್ಸಾಪ್: ಎಲ್ಲರ ಹತ್ತಿರ ಇದೆ, ಬಳಸುವ ರೀತಿ ಬದಲಾಗಬೇಕು

ವಾಟ್ಸಾಪ್ ಗುಂಪು ಇಲ್ಲದ ಶಾಲೆ ಈಗ ಇಲ್ಲ. ಆದರೆ ಹೆಚ್ಚಿನ ಗುಂಪುಗಳಲ್ಲಿ ನಡೆಯೋದು ರಜೆಯ ಸುದ್ದಿ, ಫೀಸಿನ ನೆನಪೋಲೆ, ಬೆಳಗಿನ ಹೂವಿನ ಫೋಟೊ. ಕಲಿಕೆಗೆ ಇದನ್ನು ಬಳಸಬೇಕು ಅಂದ್ರೆ ಲಿಂಕ್ ಕಳಿಸೋದನ್ನು ಕಡಿಮೆ ಮಾಡಿ, ಮಾತು ಕಳಿಸಬೇಕು. ವಾಯ್ಸ್ ಮೆಸೇಜ್ ಸಣ್ಣ ಫೈಲು. ವಿಡಿಯೊ ತಿರುಗುತ್ತಲೇ ಇರುವ ಜಾಗದಲ್ಲೂ ಅದು ಇಳಿಯುತ್ತದೆ. ಓದೋಕೆ ಬಾರದ ಅಜ್ಜಿಯೂ ಕೇಳುತ್ತಾರೆ. ದನಕ್ಕೆ ಹುಲ್ಲು ಹಾಕುತ್ತಾ ಕೇಳಬಹುದು. ಎಲ್ಲಕ್ಕಿಂತ ಮುಖ್ಯ, ಕೇಳಿ ಮುಗಿದ ಮೇಲೆ ಫೋನಿನಲ್ಲಿ ನೋಡೋಕೆ ಏನೂ ಉಳಿಯುವುದಿಲ್ಲ.

ಒಂದು ಮಾದರಿ ಕೊಡುತ್ತೇನೆ. ಹಲಸಿನ ಕಾಲದಲ್ಲಿ ನಾನು ಕಳಿಸಿದ್ದು:

“ನಮಸ್ಕಾರ, ಇವತ್ತಿನ ಆಟ ಹೇಳ್ತೀನಿ. ಒಂದು ಹಿಡಿ ಹಲಸಿನ ಬೀಜ ತಗೊಳ್ಳಿ. ಮಗುವಿನ ಹತ್ರ, ‘ಅಪ್ಪಂಗೆ ಎರಡು ಕೊಡು, ಅಜ್ಜಿಗೆ ಮೂರು ಕೊಡು’ ಅನ್ನಿ. ಕೊಟ್ಟಾದ ಮೇಲೆ, ‘ಯಾರ ಹತ್ರ ಜಾಸ್ತಿ ಇದೆ?’ ಅಂತ ಕೇಳಿ. ತಪ್ಪು ಹೇಳಿದ್ರೆ ಬೈಬೇಡಿ, ಜೊತೇಲಿ ಕೂತು ಎಣಿಸಿ. ಅಷ್ಟೇ. ಮಗು ಏನು ಹೇಳ್ತು ಅಂತ ನಂಗೊಂದು ಮಾತು ಕಳಿಸಿ. ಬರೆಯೋದು ಬೇಡ, ಮಾತಾಡಿ ಕಳಿಸಿ.”

ಒಂದು ನಿಮಿಷವೂ ಆಗುವುದಿಲ್ಲ. ಅವತ್ತು ರಾತ್ರಿ ಒಬ್ಬರು ಅಜ್ಜಿಯ ಉತ್ತರ ಬಂತು: “ಅಕ್ಕೋರೇ, ಇಂವ ಎಲ್ಲಾ ಬೀಜನೂ ನಂಗೇ ಕೊಟ್ಟ. ಯಾಕಾ ಅಂದ್ರೆ, ಅಜ್ಜಿಗೆ ಹಲ್ಲಿಲ್ಲ, ಬೇಯ್ಸಿದ್ರೆ ಮೆತ್ತಗಾಗ್ತದೆ, ಅಜ್ಜಿ ತಿನ್ಲಿ ಅಂದ.” ಎಣಿಕೆ ಆಗಲಿಲ್ಲ, ನಿಜ. ಆದರೆ ಕ್ಲಾಸಿನಲ್ಲಿ ಬಾಯೇ ಬಿಡದ ಆ ಹುಡುಗ ಮನೆಯಲ್ಲಿ ಕಾರಣ ಕೊಟ್ಟು, ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾನೆ ಎಂದು ನನಗೆ ಗೊತ್ತಾಯಿತು. ಮಾರನೆ ದಿನ ಅವನ ಹತ್ತಿರ ಹಲಸಿನ ಬೀಜದಿಂದಲೇ ಮಾತು ಶುರು ಮಾಡಿದೆ. ಮನೆಯಿಂದ ನಮಗೆ ಹೀಗೆ ಸುದ್ದಿ ವಾಪಸ್ ಬರೋದು ಇದೊಂದರಲ್ಲೇ. ಮುಂದೆ ಹೇಳುವ ಯಾವುದರಲ್ಲೂ ಇದು ಇಷ್ಟು ಸುಲಭವಿಲ್ಲ. (ಮನೆಯಲ್ಲಿ ಮೂರು ವರ್ಷಕ್ಕಿಂತ ಚಿಕ್ಕ ಕೂಸಿದ್ದರೆ ಬೀಜ, ಗೋಲಿ, ಗುಂಡಿಯ ಆಟ ಬೇಡ. ಬಾಯಿಗೆ ಹಾಕಿಕೊಂಡರೆ ಅಪಾಯ. ದೊಡ್ಡ ಲೋಟ, ಚಮಚದಲ್ಲಿ ಆಡಿಸಲಿ ಎಂದು ಹೇಳಿಬಿಡಿ.)

ಗುಂಪು ಮಾಡುವಾಗ ಗಮನಿಸಬೇಕಾದ್ದು ಕೆಲವಿದೆ. ದಾಖಲಾತಿ ಪುಸ್ತಕದಲ್ಲಿರೋದು ಸಾಮಾನ್ಯವಾಗಿ ಅಪ್ಪನ ನಂಬರು. ಅಪ್ಪ ಬೆಳಿಗ್ಗೆ ಫೋನ್ ಜೇಬಿಗೆ ಹಾಕಿಕೊಂಡು ಪೇಟೆಗೋ ಕೂಲಿಗೋ ಹೋಗಿರುತ್ತಾರೆ. “ಸಂಜೆ ಹೊತ್ತು ಮನೆಯಲ್ಲಿರುವ ಫೋನ್ ಯಾರದ್ದು?” ಎಂದು ಕೇಳಿ ಆ ನಂಬರು ತೆಗೆದುಕೊಳ್ಳಿ. ಎಷ್ಟೋ ಸಲ ಅದು ಚಿಕ್ಕಮ್ಮನದ್ದೋ ಕಾಲೇಜಿಗೆ ಹೋಗುವ ಅಕ್ಕನದ್ದೋ ಆಗಿರುತ್ತದೆ. ಅವರೇ ಸೇರಲಿ.

ಗುಂಪಿನಲ್ಲಿ ಎಲ್ಲರ ನಂಬರೂ ಎಲ್ಲರಿಗೂ ಕಾಣುತ್ತದೆ. ಇದು ಇಷ್ಟವಿಲ್ಲದ ತಾಯಂದಿರು ಇದ್ದೇ ಇರುತ್ತಾರೆ. ಹಾಗಿದ್ದರೆ ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ. ಒಂದು ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು. ಮೆಸೇಜ್ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುತ್ತದೆ, ಉತ್ತರ ನಿಮಗೆ ಮಾತ್ರ ಬರುತ್ತದೆ. ಆದರೆ ಅವರ ಫೋನಿನಲ್ಲಿ ನಿಮ್ಮ ನಂಬರು ಸೇವ್ ಆಗಿರಲೇಬೇಕು, ಇಲ್ಲದಿದ್ದರೆ ಮೆಸೇಜ್ ತಲುಪುವುದಿಲ್ಲ. ಮೊದಲ ಸಭೆಯ ದಿನವೇ ಎದುರಿಗೆ ಕೂರಿಸಿಕೊಂಡು ಸೇವ್ ಮಾಡಿಸಿ. ಗುಂಪಿಗಿಂತ ನನಗೆ ಇದೇ ಇಷ್ಟ. ಗುಂಪಿನಲ್ಲಿ ಒಬ್ಬರು ಮಗು ಬರೆದ ಅಕ್ಷರದ ಫೋಟೊ ಹಾಕಿದರೆ ಇನ್ನೊಬ್ಬರು, “ನಮ್ಮದು ಇನ್ನೂ ಬರೆಯೋದೇ ಇಲ್ಲ” ಎಂದು ಮಗುವಿನ ಕೈಗೆ ಸ್ಲೇಟು ಕೊಟ್ಟು ಕೂರಿಸುತ್ತಾರೆ. ಮೂರೂವರೆ ವರ್ಷದ ಮಗುವಿಗೆ ಅದು ಬೇಡವೇ ಬೇಡ.

ಮಕ್ಕಳ ಫೋಟೊ ವಿಚಾರದಲ್ಲಿ ಬಿಗಿಯಾಗಿರಿ. ಅಪ್ಪ ಅಮ್ಮನನ್ನು ಕೇಳದೆ ಗುಂಪಿಗೆ ಹಾಕಬೇಡಿ, ಸ್ಟೇಟಸ್‌ಗಂತೂ ಬೇಡ.

ಕಥೆ ಪುಸ್ತಕ: ಒಮ್ಮೆ ಇಳಿಸಿಕೊಂಡರೆ ವರ್ಷಪೂರ್ತಿ

ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಸ್ಟೋರಿವೀವರ್ ಎನ್ನುವ ತಾಣ ಶುರು ಮಾಡಿತು. ಚಿತ್ರವಿರುವ ಮಕ್ಕಳ ಕಥೆಗಳು ಕನ್ನಡದಲ್ಲೇ ರಾಶಿ ಇವೆ. ದುಡ್ಡಿಲ್ಲ. ಓದುವ ಮಟ್ಟಕ್ಕೆ ತಕ್ಕಂತೆ 1ರಿಂದ 4ರವರೆಗೆ ವಿಂಗಡಿಸಿದ್ದಾರೆ. ನಮ್ಮ ಮಕ್ಕಳಿಗೆ 1ನೇ ಮಟ್ಟ ಸಾಕು: ಪುಟಕ್ಕೊಂದು ದೊಡ್ಡ ಚಿತ್ರ, ಒಂದೆರಡು ವಾಕ್ಯ. ಪಿಡಿಎಫ್ ಇಳಿಸಿಕೊಳ್ಳಬಹುದು, ಪ್ರಿಂಟ್ ಹಾಕಿಸಬಹುದು, ಹಂಚಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಇರುವ ಪುಟ ಕಿತ್ತುಹಾಕದೆ ಇದ್ದರೆ ಆಯಿತು. ಇಷ್ಟು ಧಾರಾಳವಾದ ಪರವಾನಗಿ ಬೇರೆ ಕಡೆ ಸಿಗೋದು ಅಪರೂಪ.

ಇನ್ನೊಂದು ಅನುಕೂಲ ನಮ್ಮ ಊರುಗಳಿಗೆ ತುಂಬಾ ಬೇಕಾದ್ದು. ಶಿವಮೊಗ್ಗ, ಭದ್ರಾವತಿ, ಸಾಗರದಲ್ಲಿ ಮನೆಯಲ್ಲಿ ಉರ್ದು, ತಮಿಳು, ಕೊಂಕಣಿ ಮಾತಾಡುವ ಮಕ್ಕಳು ಎಷ್ಟೊಂದಿದ್ದಾರೆ. ಈ ಭಾಷೆಗಳ ಕಥೆಯೂ ಅಲ್ಲಿದೆ. ಒಂದೇ ಕಥೆ ಕನ್ನಡದಲ್ಲೂ ಉರ್ದುವಿನಲ್ಲೂ ಇದ್ದರೆ ಶಾಲೆಯಲ್ಲಿ ನಾವು ಕನ್ನಡದಲ್ಲಿ ಹೇಳಬಹುದು, ಮನೆಯಲ್ಲಿ ಅಮ್ಮಿ ಉರ್ದುವಿನಲ್ಲಿ ಹೇಳಬಹುದು. “ನಂಗೆ ಕನ್ನಡ ಓದಕ್ಕೆ ಬರಲ್ಲ, ನಾನೇನು ಹೇಳಿಕೊಡ್ಲಿ” ಎನ್ನುವ ತಾಯಿಗೆ ಇದಕ್ಕಿಂತ ಧೈರ್ಯ ಬೇಕಾ? ಮನೆಮಾತು ಗಟ್ಟಿಯಾದರೆ ಕನ್ನಡ ಕಲಿಯೋದೂ ಸುಲಭವಾಗುತ್ತದೆ. ಮನೆಮಾತು ಬಿಡಿಸಿ ಎಂದು ದಯವಿಟ್ಟು ಯಾರೂ ಹೇಳಬೇಡಿ.

ಕೊರತೆ ಏನು? ಲಿಂಕ್ ಕಳಿಸಿದರೆ ತೆರೆಯುವವರು ಕಡಿಮೆ. ಹುಡುಕುವ ಜಾಗ, ಭಾಷೆ ಆರಿಸುವ ಜಾಗ ಎಂದು ಎರಡು ಕಡೆ ಒತ್ತಬೇಕಾದರೆ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆದ್ದರಿಂದ ಆರಿಸುವ ಕೆಲಸ ಟೀಚರೇ ಮಾಡಬೇಕು. ವಾರಕ್ಕೆ ಒಂದೇ ಕಥೆ, ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ. ಅದಕ್ಕಿಂತ ಒಳ್ಳೆಯದು ಪ್ರಿಂಟ್. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆಸಿ, ಸ್ಟೇಪಲ್ ಹೊಡೆದು, ಹತ್ತು ಬೇರೆಬೇರೆ ಕಥೆ ಮಾಡಿಕೊಳ್ಳಿ. ಶುಕ್ರವಾರ ಮಗುವಿನ ಚೀಲದಲ್ಲಿ ಒಂದು ಹೋಗಲಿ, ಸೋಮವಾರ ಬರಲಿ, ಮುಂದಿನ ವಾರ ಬೇರೆ ಮನೆಗೆ ಹೋಗಲಿ. ಬಣ್ಣ ಮಕ್ಕಳೇ ಹಚ್ಚುತ್ತಾರೆ. ಹರಿದರೆ ಇನ್ನೊಂದು ತೆಗೆಸಿದರಾಯಿತು.

ಓದೋದು ಹೇಗೆ ಅನ್ನೋದನ್ನು ಮೊದಲ ಸಭೆಯಲ್ಲಿ ಮಾಡಿ ತೋರಿಸಿ. ಅಕ್ಷರ ಓದಿ ಪುಟ ತಿರುಗಿಸಿದರೆ ಎರಡು ನಿಮಿಷಕ್ಕೆ ಮುಗಿಯುತ್ತದೆ, ಮಗುವೂ ಎದ್ದು ಹೋಗುತ್ತದೆ. ಚಿತ್ರದ ಹತ್ತಿರ ನಿಲ್ಲಬೇಕು. “ಇಲ್ಲಿ ಯಾರಿದ್ದಾರೆ? ಇದರ ಮುಖ ಯಾಕೆ ಹೀಗಿದೆ? ನಮ್ಮನೆ ನಾಯಿ ಹೀಗೆ ಮಾಡಿತ್ತು, ನೆನಪಿದೆಯಾ? ಈಗ ಏನಾಗಬಹುದು?” ಹೀಗೆ ಕೇಳುತ್ತಾ ಹೋದರೆ ಎಂಟು ಪುಟದ ಕಥೆ ಕಾಲು ಗಂಟೆ ಆಗುತ್ತದೆ. ಕೇಳಿದ ಮೇಲೆ ಸ್ವಲ್ಪ ಸುಮ್ನೆ ಇರಬೇಕು. ಸಣ್ಣ ಮಕ್ಕಳಿಗೆ ಉತ್ತರ ಹುಡುಕೋಕೆ ಹೊತ್ತು ಬೇಕು. ನಾವೇ ಗಡಿಬಿಡಿಯಲ್ಲಿ ಉತ್ತರ ಹೇಳಿಬಿಡುತ್ತೇವೆ. ಓದೋಕೆ ಬಾರದ ಅಜ್ಜ ಅಜ್ಜಿ ಚಿತ್ರ ನೋಡಿ ತಮ್ಮದೇ ಕಥೆ ಕಟ್ಟಲಿ. ಪುಸ್ತಕದಲ್ಲಿ ಇರೋದನ್ನೇ ಹೇಳಬೇಕು ಎಂದೇನಿಲ್ಲ. ಮಗು, “ಅಜ್ಜಿ, ನೀನು ಬೇರೆ ಹೇಳ್ತಿದ್ದೀಯ, ಟೀಚರ್ ಬೇರೆ ಹೇಳಿದ್ರು” ಎಂದು ಜಗಳಕ್ಕೆ ಬಂದರೆ ಅದಂತೂ ಬಹಳ ಒಳ್ಳೆಯದು. ಎರಡು ಕಥೆಯನ್ನೂ ಅದು ನೆನಪಿಟ್ಟುಕೊಂಡಿದೆ ಎಂದರ್ಥ.

ಸರ್ಕಾರದ ಸಾಮಗ್ರಿ: ಟೀಚರಿಗೆ ಚೆನ್ನ, ಮನೆಗೆ ನೇರ ಕಳಿಸೋಕೆ ಕಷ್ಟ

2024ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಎರಡು ಕೈಪಿಡಿ ತಂದಿತು. ಹುಟ್ಟಿದಾಗಿನಿಂದ ಮೂರು ವರ್ಷದವರೆಗೆ ‘ನವಚೇತನ’, ಮೂರರಿಂದ ಆರಕ್ಕೆ ‘ಆಧಾರಶಿಲಾ’. ನವಚೇತನದಲ್ಲಿ 36 ತಿಂಗಳಿಗೂ ತಿಂಗಳು ತಿಂಗಳ ಚಟುವಟಿಕೆ ಕೊಟ್ಟಿದ್ದಾರೆ, ಒಟ್ಟು 140. ಮನೆಯಲ್ಲಿ ಇರುವ ಸಾಮಾನಿನಲ್ಲೇ ಮಾಡುವಂಥವು. ಅಂಗನವಾಡಿಗೆ ಇನ್ನೂ ಬಾರದ ಚಿಕ್ಕ ಮಕ್ಕಳ ಮನೆಗೆ ಇಷ್ಟು ಕ್ರಮವಾಗಿ ಮಾಡಿದ್ದು ನನಗೆ ಬೇರೆ ಕಡೆ ಸಿಕ್ಕಿಲ್ಲ. ಶಿಕ್ಷಣ ಸಚಿವಾಲಯದ ಕಡೆಯಿಂದ 2023ರ ಫೆಬ್ರುವರಿಯಲ್ಲಿ ‘ಜಾದೂಯಿ ಪಿಟಾರಾ’ ಬಂತು. ಮೂರರಿಂದ ಎಂಟು ವರ್ಷದವರಿಗೆ ಆಟಿಕೆ, ಗೊಂಬೆ, ಒಗಟು, ಚಿತ್ರಪಟ, ಕಥೆ ತುಂಬಿದ ಪೆಟ್ಟಿಗೆ. ಮರುವರ್ಷ ಅದರ ಆ್ಯಪ್ ಬಂತು. 2017ರಿಂದ ಇರುವ ಸರ್ಕಾರದ ಕಲಿಕಾ ತಾಣ ದೀಕ್ಷಾದಲ್ಲಿ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆದುಕೊಳ್ಳುತ್ತದೆ. ಇದು ಒಂದನೇ ಕ್ಲಾಸಿಗೆ ಹೋಗುವ ಅಣ್ಣ ಅಕ್ಕನಿಗೆ ಉಪಯೋಗ. ಮೂರು ನಾಲ್ಕು ವರ್ಷದವರಿಗೆ ಅಷ್ಟಾಗಿ ಇಲ್ಲ.

ವಿಷಯದಲ್ಲಿ ಇವು ಗಟ್ಟಿ. ಜಾಹೀರಾತಿಲ್ಲ, ದುಡ್ಡಿಲ್ಲ. ಆದರೆ ಕೈಪಿಡಿಗಳು ಬರೆದಿರೋದು ಕೆಲಸ ಮಾಡುವವರಿಗಾಗಿ. ದಪ್ಪ ಪಿಡಿಎಫ್ ಮನೆಗೆ ಕಳಿಸಿದರೆ ಯಾರೂ ತೆರೆಯುವುದಿಲ್ಲ. ಇದರಿಂದ ಒಂದು ಚಟುವಟಿಕೆ ಆರಿಸಿ, ಅಂಗನವಾಡಿಯ ‘ಚಿಲಿಪಿಲಿ’ ಪಠ್ಯಕ್ರಮದಲ್ಲಿ ಆ ವಾರ ನಡೆಯುತ್ತಿರುವ ವಿಷಯಕ್ಕೆ ಹೊಂದಿಸಿ, ನಮ್ಮ ಊರಿನ ಮಾತಿನಲ್ಲಿ ವಾಯ್ಸ್ ಮೆಸೇಜ್ ಮಾಡಿ. ಕೈಪಿಡಿಯಲ್ಲಿ ಬಣ್ಣದ ಕಾಗದ ಬೇಕು ಎಂದಿದ್ದರೆ ನಾವು ಸೊಪ್ಪು, ಹೂವು ಎನ್ನಬಹುದು. ಎಳೆಯುವ ಗಾಡಿ ಎಂದಿದ್ದರೆ ಅಡಿಕೆ ಹಾಳೆ. ಹಾಳೆಯ ಮೇಲೆ ತಂಗಿಯನ್ನು ಕೂರಿಸಿಕೊಂಡು ಅಂಗಳದಲ್ಲಿ ಎಳೆಯುವ ಆಟದಲ್ಲಿ ಬಲ, ಸಮತೋಲ, ನಿಧಾನ, ಜೋರು ಎಲ್ಲವೂ ಬಂತಲ್ಲ.

ಯೂಟ್ಯೂಬ್: ಅಮ್ಮ ಕಲಿಯೋಕೆ ಸರಿ

ಹಾಡಿಗೆ ಯೂಟ್ಯೂಬಿನಷ್ಟು ಸುಲಭ ಇನ್ನೊಂದಿಲ್ಲ. ಕನ್ನಡ ಶಿಶುಗೀತೆ, ಪ್ರಾಣಿಗಳ ಧ್ವನಿ, ಕಥೆ, ಏನು ಬೇಕಾದರೂ ಇದೆ. ಬುಕ್‌ಬಾಕ್ಸ್‌ನಂಥ ಕೆಲವು ಚಾನೆಲ್‌ಗಳಲ್ಲಿ ಕಥೆ ಹೇಳುತ್ತಿರುವಾಗ ಅದೇ ಮಾತು ಕನ್ನಡ ಅಕ್ಷರದಲ್ಲಿ ಕೆಳಗೆ ಬರುತ್ತದೆ. ಓದು ಮರೆತ ತಾಯಿಗೂ ಅದು ಒಳ್ಳೆಯ ಅಭ್ಯಾಸ.

ತೊಂದರೆ ಎಲ್ಲರಿಗೂ ಗೊತ್ತಿರುವುದೇ. ಒಂದು ಹಾಡು ಮುಗಿಯುತ್ತಿದ್ದಂತೆ ಇನ್ನೊಂದು, ಅದಾದ ಮೇಲೆ ಮತ್ತೊಂದು. ಕಣ್ಣು ಮಿಟುಕಿಸುವಷ್ಟರಲ್ಲಿ ದೃಶ್ಯ ಬದಲಾಗುವ ಕಿರುಚಾಟದ ವಿಡಿಯೊಗಳೇ ಮುಂದೆ ಮುಂದೆ ಬರುತ್ತವೆ. ಊಟ ಮಾಡಿಸೋಕೆ ಎಂದು ಶುರುವಾದದ್ದು ಫೋನ್ ಇಲ್ಲದೆ ತುತ್ತೇ ಇಳಿಯದ ಹಂತಕ್ಕೆ ಬರುತ್ತದೆ. ಹೀಗಾದ ಮನೆಗಳು ನಮ್ಮ ಹಳ್ಳಿಗಳಲ್ಲೂ ಜಾಸ್ತಿ ಆಗುತ್ತಿವೆ. ಆ ತಾಯಂದಿರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಕೊಟ್ಟಿಗೆ, ಅಡುಗೆ, ತೋಟ ಮೂರನ್ನೂ ಒಬ್ಬಳೇ ನೋಡಿಕೊಳ್ಳುವವಳು ಮಗುವನ್ನು ಒಂದು ಕಡೆ ಕೂರಿಸೋಕೆ ಇನ್ನೇನು ಮಾಡಬೇಕು? ಬೈದರೆ ಅವಳು ನಮ್ಮ ಹತ್ತಿರ ಮಾತಾಡೋದನ್ನೇ ಬಿಡುತ್ತಾಳೆ.

ನಾನು ಹೇಳೋದು ಇಷ್ಟು. ಹಾಡು ಮಗುವಿಗೆ ತೋರಿಸಬೇಡಿ, ನೀವು ಕಲಿತುಕೊಳ್ಳಿ. ಬೆಳಿಗ್ಗೆ ತಿಂಡಿ ಮಾಡುವಾಗ ಎರಡು ಸಲ ಕೇಳಿ, ಸಂಜೆ ಬಚ್ಚಲಲ್ಲಿ ನೀರು ಹೊಯ್ಯುವಾಗ ಹಾಡಿ. ತೋರಿಸಲೇಬೇಕು ಎಂದರೆ ಆಟೊಪ್ಲೇ ಆಫ್ ಮಾಡಿ, ಪಕ್ಕದಲ್ಲಿ ಕೂತು, ಒಂದೇ ವಿಡಿಯೊ. ಯೂಟ್ಯೂಬ್ ಕಿಡ್ಸ್ ಹಾಕಿಕೊಂಡರೆ ನೀವು ಒಪ್ಪಿದ ವಿಡಿಯೊ ಮಾತ್ರ ಕಾಣುವಂತೆ ಮಾಡಬಹುದು, ಹೊತ್ತು ಮುಗಿದಾಗ ತಾನೇ ನಿಲ್ಲುವಂತೆ ಟೈಮರ್ ಇಡಬಹುದು. ಈ ಸೆಟ್ಟಿಂಗ್ ಮಾಡಿಕೊಡೋಕೆ ಒಂದು ಸಭೆ ಮೀಸಲಿಡಿ. ಹತ್ತು ಭಾಷಣಕ್ಕಿಂತ ಅದು ಮೇಲು.

ಕಲಿಕೆಯ ಆ್ಯಪ್‌ಗಳು, ಲೈವ್ ಕ್ಲಾಸ್‌ಗಳು

ಆ್ಯಪ್‌ಗಳಲ್ಲಿ ಒಳ್ಳೆಯವೂ ಇವೆ. ಖಾನ್ ಅಕಾಡೆಮಿ ಕಿಡ್ಸ್ ಎರಡರಿಂದ ಎಂಟು ವರ್ಷದವರಿಗೆ, ದುಡ್ಡಿಲ್ಲ, ಜಾಹೀರಾತಿಲ್ಲ. ಆದರೆ ಅದು ಇಂಗ್ಲಿಷಿನಲ್ಲಿದೆ. ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬಾರದಿದ್ದರೆ ಮಗು ಒಂಟಿಯಾಗಿ ಒತ್ತುತ್ತಾ ಕೂರುತ್ತದೆ. ಅಕ್ಷರ ಫೌಂಡೇಶನ್‌ನ ಬಿಲ್ಡಿಂಗ್ ಬ್ಲಾಕ್ಸ್ ಕನ್ನಡದಲ್ಲಿದೆ, ಉಚಿತ, ನೆಟ್ ಇಲ್ಲದೆಯೂ ನಡೆಯುತ್ತದೆ. ಅದು ಶಾಲೆಗೆ ಸೇರಿದ ಮಕ್ಕಳ ಗಣಿತಕ್ಕೆ. ಒಂದನೇ ಕ್ಲಾಸಿಗೆ ಮುಂಚೆ ಬೇಡ.

ನನ್ನ ದೊಡ್ಡ ತಕರಾರು ಬೇರೆ. ಆ್ಯಪ್‌ನಲ್ಲಿ ಮಗುವಿಗೆ ನಕ್ಷತ್ರ ಸಿಗುತ್ತದೆ, ಚಪ್ಪಾಳೆ ಸಿಗುತ್ತದೆ. ಅಪ್ಪನ ಫೋನಿಗೆ “ನಿಮ್ಮ ಮಗು ಇವತ್ತು 12 ಪದ ಕಲಿಯಿತು” ಎಂಬ ಸಂದೇಶ ಬರುತ್ತದೆ. ಅಪ್ಪನಿಗೆ ನೆಮ್ಮದಿ. ಆ 12 ಪದದಲ್ಲಿ ಒಂದನ್ನಾದರೂ ಮಗು ಅಪ್ಪನ ಜೊತೆ ಆಡಿತಾ? ಆಡದಿದ್ದರೆ ಮನೆಯವರು ಸೇರಿದ್ದೆಲ್ಲಿ ಬಂತು?

ದುಡ್ಡು ಕಟ್ಟುವ ಆ್ಯಪ್‌ಗಳ ಬಗ್ಗೆ ಇನ್ನೂ ಎಚ್ಚರ ಬೇಕು. “ಮೊದಲ ಏಳು ದಿನ ಫ್ರೀ” ಎಂದು ಒಪ್ಪಿಗೆ ಒತ್ತಿಸಿಕೊಂಡು, ಎಂಟನೇ ದಿನ ಖಾತೆಯಿಂದ ತಾನಾಗೇ ಕತ್ತರಿಸುತ್ತಾರೆ. ಇಂಥ ದೂರುಗಳ ಕಾರಣಕ್ಕೇ ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಪೋಷಕರಿಗೆ ಎಚ್ಚರಿಕೆ ಕೊಟ್ಟು, ಆಟೊ ಡೆಬಿಟ್‌ಗೆ ಒಪ್ಪುವ ಮುಂಚೆ ಯೋಚಿಸಿ ಎಂದಿತ್ತು. ಆ್ಯಪ್ ತೆಗೆದುಹಾಕಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರಿನಲ್ಲಿ ಪೇಮೆಂಟ್ಸ್ ಮತ್ತು ಸಬ್‌ಸ್ಕ್ರಿಪ್ಷನ್ಸ್‌ಗೆ ಹೋಗಿ ರದ್ದು ಮಾಡಬೇಕು. ಹಾಗೆಯೇ, ಮಗುವಿನ ಹೆಸರು, ಹುಟ್ಟಿದ ದಿನ, ಫೋಟೊ ಕೇಳಿದರೆ ಯಾಕೆ ಎಂದು ನಿಂತು ನೋಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು.

ಪುಟ್ಟ ಮಕ್ಕಳ ಲೈವ್ ಆನ್‌ಲೈನ್ ಕ್ಲಾಸ್ ಬಗ್ಗೆ ಜಾಸ್ತಿ ಬರೆಯುವ ಅಗತ್ಯವಿಲ್ಲ. ನಾಲ್ಕು ವರ್ಷದ ಮಗುವನ್ನು ಪರದೆ ಮುಂದೆ ಅಲ್ಲಾಡದೆ ಕೂರಿಸೋದು, ಅದೂ ನಮ್ಮ ನೆಟ್‌ವರ್ಕಿನಲ್ಲಿ. ಬೇಡ.

ವಿಡಿಯೊ ಕಾಲ್ ಮಾತ್ರ ಬೇರೆ ವಿಚಾರ. ಅಪ್ಪ ಬೆಂಗಳೂರಿನಲ್ಲಿ, ಮಗು ಅಜ್ಜಿ ಮನೆಯಲ್ಲಿ, ಇಂಥ ಮನೆಗಳು ನಮ್ಮಲ್ಲಿ ಬೇಕಾದಷ್ಟು. ಎದುರಿಗಿರುವವರು ಮಗುವಿನ ಮಾತಿಗೆ ತಿರುಗಿ ಉತ್ತರ ಕೊಡುವುದರಿಂದ ಮಕ್ಕಳ ವೈದ್ಯರೂ ಇದನ್ನು ಪರದೆಯ ಲೆಕ್ಕದಲ್ಲಿ ಸೇರಿಸುವುದಿಲ್ಲ. ವಾರದ ಕಥೆಯ ಪಿಡಿಎಫ್ ಆ ಅಪ್ಪನಿಗೂ ಕಳಿಸಿ. ರಾತ್ರಿ “ಊಟ ಆಯ್ತಾ” ಎಂದು ಕೇಳಿದ ಮೇಲೆ ಮಾತು ಮುಗಿದುಹೋಗುವ ಬದಲು ಅವರು ಅಲ್ಲಿಂದ ಓದಲಿ, ಮಗು ಇಲ್ಲಿ ಪುಸ್ತಕ ಹಿಡಿದು ಪುಟ ತಿರುಗಿಸಲಿ.

ಯಾರಿಗೆ ಯಾವುದು

ಒಂದೇ ಒಂದು ಆರಿಸಿ ಎಂದರೆ ನಾನು ವಾಯ್ಸ್ ಮೆಸೇಜ್ ಎನ್ನುತ್ತೇನೆ. ಎರಡು ಎಂದರೆ ಅದರ ಜೊತೆ ಪ್ರಿಂಟ್ ಹಾಕಿದ ಕಥೆ. ಮನೆಯಲ್ಲಿ ಓದಬಲ್ಲ ದೊಡ್ಡವರಿದ್ದು ವೈಫೈ ಚೆನ್ನಾಗಿದ್ದರೆ ಸ್ಟೋರಿವೀವರ್ ಬಳಸೋದನ್ನು ಕಲಿಸಿಕೊಡಿ, ಅವರೇ ಆರಿಸಿಕೊಳ್ಳಲಿ. ಎರಡು ವರ್ಷದೊಳಗಿನ ಕೂಸಿನ ಮನೆಗೆ ನವಚೇತನದ ಚಟುವಟಿಕೆ, ಅದೂ ಬಾಯಿಮಾತಿನಲ್ಲಿ. ಯೂಟ್ಯೂಬ್ ಅಭ್ಯಾಸ ಆಗಿಹೋಗಿರುವ ಮನೆಗೆ ಒಮ್ಮೆಲೇ ಬಿಡಿ ಎನ್ನಬೇಡಿ. ಊಟದ ಹೊತ್ತೊಂದನ್ನು ಮೊದಲು ಬಿಡಿಸಿ, ಆ ಹೊತ್ತಿಗೆ ಏನು ಮಾತಾಡಬಹುದು ಎಂದು ಹೇಳಿಕೊಡಿ. ಸ್ಮಾರ್ಟ್‌ಫೋನೇ ಇಲ್ಲದ ಮನೆಯನ್ನು ಪಟ್ಟಿಯಿಂದ ಬಿಡಬೇಡಿ. ತೋಟದ ಕೆಲಸಕ್ಕೆ ಬಂದು ಲೈನ್ ಮನೆಯಲ್ಲಿ ಇರುವವರು, ಗುಡ್ಡದಾಚೆಯ ಒಂಟಿ ಮನೆಯವರು. ಅವರಿಗೆ ಬಟನ್ ಫೋನಿಗೆ ಒಂದು ಕಾಲ್, ಇಲ್ಲವೇ ಮಗುವನ್ನು ಕರೆದುಕೊಂಡು ಹೋಗೋಕೆ ಬಂದಾಗ ಬಾಗಿಲಲ್ಲೇ ನಿಂತು ಎರಡು ಮಾತು. ಉಳಿದವರಿಗೆ ವಾಯ್ಸ್‌ನಲ್ಲಿ ಹೇಳಿದ್ದನ್ನೇ ಹೇಳಿ.

ಕಾಲವನ್ನೂ ನೋಡಿಕೊಳ್ಳಿ. ಕಥೆಗಳನ್ನು ಮೇ ತಿಂಗಳಲ್ಲೇ ಇಳಿಸಿ ಪ್ರಿಂಟ್ ಹಾಕಿಸಿ ಇಟ್ಟರೆ ಜುಲೈನಲ್ಲಿ ಮಳೆ ರಜೆ ಕೊಟ್ಟಾಗ, ಕರೆಂಟ್ ಇಲ್ಲದಾಗ ಮನೆಯಲ್ಲಿ ಪುಸ್ತಕ ಇರುತ್ತದೆ. ರಜೆ ಘೋಷಣೆಯಾದ ಮೇಲೆ ಲಿಂಕ್ ಕಳಿಸಿದರೆ ತಲುಪುವ ಹೊತ್ತಿಗೆ ಶಾಲೆ ಶುರುವಾಗಿರುತ್ತದೆ. ಕೊಯ್ಲಿನ ಕಾಲದಲ್ಲಿ ಬೇರೆ ಕೆಲಸ ಹೇಳಲೇಬೇಡಿ, ಇರುವ ಕೆಲಸದಲ್ಲೇ ಮಗುವನ್ನು ಸೇರಿಸಿ. ಸುಲಿಯುವವರ ಮೆಟ್ಟುಗತ್ತಿಯಿಂದ ದೂರ, ಒಂದು ಬುಟ್ಟಿ ಕೊಟ್ಟು, ಹಸಿರು ಕಾಯಿ ಒಂದು ಕಡೆ, ಹಣ್ಣಡಿಕೆ ಒಂದು ಕಡೆ ಮಾಡಲಿ. “ದೊಡ್ಡದು ಯಾವುದು, ನಿನ್ನ ಮುಷ್ಟಿಯಲ್ಲಿ ಎಷ್ಟು ಹಿಡಿಸುತ್ತೆ?” ಎಂದು ಸುಲಿಯುತ್ತಲೇ ಕೇಳಬಹುದು. ಸುಲಿಯುವಾಗ ಹೇಗೂ ಕಥೆ, ಹಾಡು, ಊರ ಸುದ್ದಿ ನಡೆದೇ ಇರುತ್ತದೆ. ಮಗುವಿಗೆ ಅದರೊಳಗೆ ಒಂದು ಜಾಗ ಕೊಟ್ಟರೆ ಸಾಕು.

ಒಂದು ತಿಂಗಳು ಬಳಸಿ, ಆಮೇಲೆ ಲೆಕ್ಕ ಹಾಕಿ. ನೀಲಿ ಟಿಕ್ ಎಷ್ಟು ಬಂತು ಅನ್ನೋದರಿಂದ ಏನೂ ಗೊತ್ತಾಗುವುದಿಲ್ಲ. ಯಾವ ಯಾವ ಮನೆಯಿಂದ ಮಗು ಹೇಳಿದ ಮಾತು ನಿಮ್ಮ ತನಕ ಬಂತು, ಅದನ್ನು ಹಾಜರಿ ಪುಸ್ತಕದ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಗುರುತು ಬೀಳದ ಮನೆಗಳು ಕೆಲವು ಇದ್ದೇ ಇರುತ್ತವೆ. ಅವರಿಗೆ ಇನ್ನೊಂದು ಲಿಂಕ್ ಕಳಿಸಬೇಡಿ. ಸಂಜೆ ಏಳರ ಮೇಲೆ, ಅವರು ತೋಟದಿಂದ ಬಂದು ಕೈಕಾಲು ತೊಳೆದ ಹೊತ್ತಿಗೆ ಒಂದು ಫೋನ್ ಮಾಡಿ, ಯಾವ ಹೊತ್ತು ಅನುಕೂಲ, ಯಾರಿಗೆ ಹೇಳಿದರೆ ಒಳ್ಳೆಯದು ಎಂದು ಅವರನ್ನೇ ಕೇಳಿ.